ಕತೆಯಲ್ಲಿ ರೈತನನ್ನು ಸಾಯಿಸುವುದು ನಿಲ್ಲಿಸಿ

ಯುಗಾದಿ, ದೀಪಾವಳಿ ಬಂದರೆ ಪತ್ರಿಕೆಗಳ ಕಥಾಸ್ಪರ್ಧೆ. ವಾಟ್ಸಾಪ್ ಗ್ರೂಪುಗಳಲ್ಲಂತೂ ವರ್ಷವಿಡೀ ಕತೆ. ನಮ್ಮ ಹಳ್ಳಿಯ ಹುಡುಗ ಹುಡುಗಿಯರು ಬರೆಯುತ್ತಿದ್ದಾರೆ, ಸಂತೋಷ. ಆದರೆ ಎಷ್ಟೋ ಕತೆಗಳ ದಾರಿ ಒಂದೇ. ಮಳೆ ಕೈಕೊಡುತ್ತದೆ, ಮೆಕ್ಕೆಜೋಳ ಒಣಗುತ್ತದೆ, ಸಾಲ ಕೊಟ್ಟವನು ಬಾಗಿಲಿಗೆ ಬರುತ್ತಾನೆ, ಕೊನೇ ಪ್ಯಾರಾದಲ್ಲಿ ರೈತ ಸಾಯುತ್ತಾನೆ. ಕೆಳಗೆ ಸಾಲುಸಾಲು ಅಳುವ ಎಮೋಜಿ. "ಕಣ್ಣೀರು ಬಂತು ಅಣ್ಣಾ" ಅಂತ ಕಾಮೆಂಟ್.

ನಾನು ಹೇಳುವುದು ಇಷ್ಟೆ: ಇದು ಕತೆ ಮುಗಿಸಿದ್ದಲ್ಲ, ಕತೆ ಬಿಟ್ಟು ಓಡಿಹೋದದ್ದು.

ಸುದ್ದಿಗಾಗಿ ಅಂಥ ಮನೆಗಳಿಗೆ ಹೋಗುವುದು ನನ್ನ ಕೆಲಸ. ಅಲ್ಲಿ ಕತೆ ಶುರುವಾಗುವುದೇ ಮರುದಿನ. ಸರ್ಕಾರದ ಪರಿಹಾರ 5 ಲಕ್ಷ. ಅದು ಸಿಗಬೇಕಾದರೆ ಪಹಣಿ ಯಾರ ಹೆಸರಲ್ಲಿದೆ, ಸಾಲಕ್ಕೆ ಕಾಗದ ಎಲ್ಲಿದೆ ಎಂಬ ಪ್ರಶ್ನೆ ಏಳುತ್ತದೆ. ಜಮೀನು ಇನ್ನೂ ಅಪ್ಪನ ಹೆಸರಲ್ಲೇ ಇರುತ್ತದೆ. ಕೈಸಾಲಕ್ಕೆ ಕಾಗದ ಎಲ್ಲಿಂದ ಬರಬೇಕು? ಹಣ ಯಾರ ಖಾತೆಗೆ ಎಂಬ ಮಾತಿನಲ್ಲಿ ಅತ್ತೆ ಸೊಸೆ ಮುಖ ನೋಡುವುದು ಬಿಡುತ್ತಾರೆ. ಹಸುವಿಗೆ ಇದ್ಯಾವುದೂ ಗೊತ್ತಿಲ್ಲ, ಬೆಳಗಾದರೆ ಕರೆಯಲೇಬೇಕು. ಆ ಹೆಣ್ಣುಮಗಳು ಹಾಲು ಹಿಡಿದು ಡೇರಿ ಮುಂದೆ ನಿಂತಾಗ ಯಾರು ಮಾತಾಡಿಸುತ್ತಾರೆ, ಯಾರು ಮುಖ ತಿರುಗಿಸುತ್ತಾರೆ? ಇದನ್ನು ಬರೆಯುವುದು ಕಷ್ಟ. ಸಾವು ಬರೆಯುವುದು ಸುಲಭ.

"ನಡೆದದ್ದನ್ನೇ ಬರೆದೆ, ಬರೆಯುವಾಗ ನಾನೇ ಅತ್ತುಬಿಟ್ಟೆ" ಅನ್ನುತ್ತೀರಿ. ನಿಮ್ಮ ದುಃಖ ಸುಳ್ಳಲ್ಲ. ಆದರೆ ನೀವು ಅತ್ತದ್ದು ಆ ಮನುಷ್ಯನನ್ನು ನೀವು ಬಲ್ಲಿರಿ ಅಂತ. ಓದುವವರಿಗೆ ಅವನು ಗೊತ್ತಿಲ್ಲವಲ್ಲ! ಅವನು ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದನೇ, ಮಗಳ ಜಡೆ ಹಾಕಲು ಹೋಗಿ ಬೈಸಿಕೊಳ್ಳುತ್ತಿದ್ದನೇ? ಅದು ಬರಲಿ. ಸಾಲ ಕೊಟ್ಟವನಿಗೂ ಒಂದು ನ್ಯಾಯ ಇರುತ್ತದೆ. ನಿಮಗೆ ಅವನ ಮೇಲೆ ಎಷ್ಟೇ ಸಿಟ್ಟಿರಲಿ, ಅವನ ಮಾತನ್ನು ಅವನಷ್ಟೇ ಗಟ್ಟಿಯಾಗಿ ಬರೆಯಬೇಕು. ಹೊಟ್ಟೆ ಉರಿಯುತ್ತದೆ, ನಿಜ. ಸುದ್ದಿಯಲ್ಲಾದರೆ ನಾವು "ಎನ್ನಲಾಗಿದೆ" ಅಂತ ಬರೆದು ತಪ್ಪಿಸಿಕೊಳ್ಳುತ್ತೇವೆ. ಕತೆಯಲ್ಲಿ "ಎನ್ನಲಾಗಿದೆ" ನಡೆಯುವುದಿಲ್ಲ.

ಬಾನು ಮುಷ್ತಾಕ್ ಅವರನ್ನು ನೋಡಿ. ಲಂಕೇಶ್ ಪತ್ರಿಕೆಗೆ ವರದಿ ಮಾಡಿದವರು, ವಕೀಲೆ. ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. 'ಎದೆಯ ಹಣತೆ' ಕತೆಯ ಹೆಂಗಸಿಗೆ ಗಂಡನೂ ಇಲ್ಲ, ತವರೂ ಇಲ್ಲ ಎಂಬ ಸ್ಥಿತಿ. ಅವಳು ಸಾವಿನ ಹತ್ತಿರಕ್ಕೇ ಹೋಗುತ್ತಾಳೆ. ಮಗಳು ತಡೆಯುತ್ತಾಳೆ. ಕಷ್ಟ ಒಂದಿಷ್ಟೂ ಕಡಿಮೆಯಾಗಿಲ್ಲ, ಆದರೂ ಬದುಕಬೇಕು. ಸಾವಿಗಿಂತ ಈ ಕೊನೆಯೇ ಹೆಚ್ಚು ಕಾಡುತ್ತದೆ.

ಇನ್ನೊಂದು ಮಾತು. ಆತ್ಮಹತ್ಯೆಯನ್ನು ವೈಭವೀಕರಿಸಬೇಡಿ, ಹೇಗೆ ಸತ್ತರು ಎಂದು ವಿವರಿಸಬೇಡಿ ಎಂದು 2019ರಲ್ಲಿ ಭಾರತೀಯ ಪತ್ರಿಕಾ ಮಂಡಳಿ ನಮಗೆ ಹೇಳಿದೆ. ಕತೆಗಾರರಿಗೆ ಅಂಥ ಮಂಡಳಿ ಇಲ್ಲ, ಬೇಕಾಗಿಯೂ ಇಲ್ಲ. ಆದರೆ ನಿಮ್ಮ ಕತೆ ಹೋಗುವುದು ನಮ್ಮದೇ ಊರುಗಳ ಫೋನಿಗೆ. ಹೆಸರು ಬದಲಿಸಿದರೂ ಆ ಮನೆಯ ಮಗನಿಗೆ ಅಪ್ಪನ ಗುರುತು ಸಿಗುತ್ತದೆ. ಇವತ್ತು ರಾತ್ರಿ ಸಾಲದ ಲೆಕ್ಕ ಹಾಕುತ್ತ ಕೂತವನೊಬ್ಬ ಅದನ್ನು ಓದಬಹುದು. ಅವನಿಗೆ ನೀವು ತೋರಿಸುವುದು ಆ ಒಂದೇ ಬಾಗಿಲನ್ನೇ?

ತೀರ್ಪುಗಾರರೇ, ಕಣ್ಣೀರನ್ನು ಅಳೆದು ಬಹುಮಾನ ಕೊಡಬೇಡಿ. ಬರೆಯುವವರೇ, ನಿಮ್ಮ ಕೊನೇ ಪ್ಯಾರಾ ಹೊಡೆದುಹಾಕಿ. ಮರುದಿನ ಬೆಳಿಗ್ಗೆ ಹಾಲು ಕರೆಯುವ ಹೊತ್ತಿನಿಂದ ಶುರು ಮಾಡಿ.