ರಾಷ್ಟ್ರಗೀತೆಗೆ ಹಾಜರಿ ಪುಸ್ತಕ ಬೇಡ

ಗೌರವವೆಂಬುದು ಅಂತಃಕರಣದಲ್ಲಿ ಹುಟ್ಟತಕ್ಕ ಭಾವವೋ ಅಥವಾ ಹೊರಗಿನಿಂದ ವಸೂಲು ಮಾಡತಕ್ಕ ಕಂದಾಯವೋ ಎಂಬ ಪ್ರಶ್ನೆ ಬಹು ಹಳೆಯದು. 2024ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯವು ಈ ಪ್ರಶ್ನೆಯನ್ನು ಮತ್ತೊಮ್ಮೆ ಲೋಕದ ಮುಂದಿಟ್ಟಿತು.

ಆ ತಿಂಗಳ 1ರಂದು ನ್ಯೂಯಾರ್ಕ್ ರಾಜ್ಯದ ಆಲ್ಬನಿ ನಗರದಲ್ಲಿ ಅಯೋವಾ ವಿಶ್ವವಿದ್ಯಾಲಯ ಮತ್ತು ಲೂಸಿಯಾನಾ ರಾಜ್ಯ ವಿಶ್ವವಿದ್ಯಾಲಯಗಳ ಮಹಿಳಾ ತಂಡಗಳು ಎದುರುಬದುರಾದವು. ರಾಷ್ಟ್ರಗೀತೆಯ ಸಮಯದಲ್ಲಿ ಅಯೋವಾದ ಆಟಗಾರ್ತಿಯರು ಕೈಕೈ ಹಿಡಿದು ಅಂಗಣದಲ್ಲಿ ನಿಂತಿದ್ದರು, ಲೂಸಿಯಾನಾದವರು ಒಳಕೋಣೆಯಲ್ಲಿದ್ದರು. ಇದು ಪ್ರತಿಭಟನೆಯಲ್ಲ, ಪಂದ್ಯಕ್ಕೆ ಇಂತಿಷ್ಟು ನಿಮಿಷ ಮುಂಚೆ ಒಳಗೆ ಹೋಗುವುದು ತಂಡದ ವಾಡಿಕೆ ಎಂದು ತರಬೇತುದಾರರಾದ ಕಿಮ್ ಮಲ್ಕಿ ವಿವರಿಸಿದರು. ಆದರೂ ಆ ರಾಜ್ಯದ ಗವರ್ನರ್ ಜೆಫ್ ಲ್ಯಾಂಡ್ರಿಯವರು, ರಾಷ್ಟ್ರಗೀತೆಯ ವೇಳೆ ಹಾಜರಿರದ ಕ್ರೀಡಾಪಟುಗಳು ತಮ್ಮ ವಿದ್ಯಾರ್ಥಿವೇತನವನ್ನೇ ಕಳೆದುಕೊಳ್ಳುವಂತಹ ನಿಯಮವನ್ನು ವಿಶ್ವವಿದ್ಯಾಲಯಗಳ ಮಂಡಳಿಗಳು ತರಬೇಕೆಂದು ಬಹಿರಂಗವಾಗಿ ಒತ್ತಾಯಿಸಿದರು.

ವಿಚಾರವಂತರು ಇಲ್ಲಿ ತುಸು ನಿಂತು ಯೋಚಿಸಬೇಕು. ವಿದ್ಯಾರ್ಥಿವೇತನವು ಆಟದ ಕೌಶಲಕ್ಕೂ ವ್ಯಾಸಂಗದ ಶ್ರದ್ಧೆಗೂ ಪ್ರತಿಯಾಗಿ ಕೊಟ್ಟ ಮಾತು. ಸರಕು ಕೈಸೇರಿದ ಮೇಲೆ ಪತ್ರಕ್ಕೆ ಹೊಸ ಷರತ್ತು ಬರೆಯುವುದನ್ನು ಯಾವ ಪೇಟೆಯಲ್ಲಿಯೂ ಸದ್ವ್ಯವಹಾರವೆಂದು ಒಪ್ಪುವುದಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಬಡ ಮನೆತನದ ಹುಡುಗಿಯೊಬ್ಬಳು ಓದು ನಿಂತುಹೋದೀತೆಂಬ ಭಯದಿಂದ ಸಾಲಿನಲ್ಲಿ ನಿಂತರೆ, ಆ ನಿಲುವಿನಿಂದ ದೇಶಕ್ಕೆ ಸಂದದ್ದೇನು? ಮನೋವಾಕ್ಕಾಯಗಳು ಒಂದಾದಾಗಲೇ ವಂದನೆ ವಂದನೆಯೆನಿಸುತ್ತದೆ. ಕಾಯ ಮಾತ್ರ ನಿಂತರೆ ಅದು ಕಾವಲು.

ಇದು ಪವಿತ್ರ ಪರಂಪರೆ, ಇದನ್ನು ಮುರಿಯಬಾರದು ಎನ್ನುವವರಿದ್ದಾರೆ. ಪರಂಪರೆಯ ವಯಸ್ಸನ್ನು ನೋಡೋಣ. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರ ಸೆಪ್ಟೆಂಬರಿನಲ್ಲಿ, ಷಿಕಾಗೋದ ಬೇಸ್‌ಬಾಲ್ ಪಂದ್ಯವೊಂದರ ನಡುವಿನ ವಿರಾಮದಲ್ಲಿ ವಾದ್ಯವೃಂದ ಈ ಗೀತೆಯನ್ನು ನುಡಿಸಿತು, ಜನ ದನಿಗೂಡಿಸಿದರು. ಅದು ಅಧಿಕೃತ ರಾಷ್ಟ್ರಗೀತೆಯಾದದ್ದೇ 1931ರಲ್ಲಿ. ಪ್ರತಿ ಪಂದ್ಯಕ್ಕೂ ಮುಂಚೆ ನುಡಿಸುವ ರೂಢಿ ಎರಡನೆಯ ಮಹಾಯುದ್ಧದ ದಿನಗಳಲ್ಲಿ ಬೇರೂರಿತು. ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗಿನಲ್ಲಂತೂ, 2009ಕ್ಕೆ ಮುಂಚೆ, ರಾತ್ರಿ ಪ್ರಸಾರವಾಗುತ್ತಿದ್ದ ಪ್ರಮುಖ ಪಂದ್ಯಗಳಲ್ಲಿ ಗೀತೆಯ ಹೊತ್ತಿಗೆ ಆಟಗಾರರು ಸಾಮಾನ್ಯವಾಗಿ ಒಳಕೋಣೆಯಲ್ಲಿಯೇ ಇರುತ್ತಿದ್ದರು. ಆಗ ಅಮೆರಿಕದ ಗೌರವಕ್ಕೆ ಕುಂದು ಬಂದಿತೆಂದು ಯಾರೂ ಹೇಳಲಿಲ್ಲ.

ಈ ಭಕ್ತಿಯ ಲೆಕ್ಕಪತ್ರವನ್ನೂ ಒಮ್ಮೆ ತೆರೆದು ನೋಡಬೇಕು. ಸೆನೆಟರುಗಳಾದ ಜಾನ್ ಮೆಕೇನ್ ಮತ್ತು ಜೆಫ್ ಫ್ಲೇಕ್ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕೆಲವೇ ವರ್ಷಗಳ ಅವಧಿಯಲ್ಲಿ ರಕ್ಷಣಾ ಇಲಾಖೆಯು ಕ್ರೀಡಾ ತಂಡಗಳಿಗೆ ದೇಶಭಕ್ತಿಯ ಪ್ರದರ್ಶನಗಳ ಸಲುವಾಗಿ ಸುಮಾರು 68 ಲಕ್ಷ ಡಾಲರ್ ಸಂದಾಯ ಮಾಡಿತ್ತು. ಧ್ವಜವಂದನೆ, ಯೋಧರ ಸನ್ಮಾನ, ರಾಷ್ಟ್ರಗೀತೆಯ ಗಾಯನ ಇವೆಲ್ಲ ಆ ಒಪ್ಪಂದಗಳಲ್ಲಿ ಸೇರಿದ್ದವು. ಫುಟ್‌ಬಾಲ್ ಲೀಗು 2016ರಲ್ಲಿ 7 ಲಕ್ಷ 20 ಸಾವಿರಕ್ಕೂ ಮಿಕ್ಕಿದ ಡಾಲರನ್ನು ಸರ್ಕಾರಕ್ಕೆ ಹಿಂದಿರುಗಿಸಿತು. ತಂಡದ ಒಡೆಯರು ಹಣ ಪಡೆದು ತೋರಿದ ಭಕ್ತಿಯನ್ನು ಆಟಗಾರರು ದಂಡಕ್ಕೆ ಹೆದರಿ ತೋರಬೇಕೆನ್ನುವುದು ಯಾವ ನ್ಯಾಯ?

ದಂಡದ ಮಾತು ಕಲ್ಪನೆಯಲ್ಲ. ಡೆನ್ವರ್ ತಂಡದ ಮಹಮೂದ್ ಅಬ್ದುಲ್ ರವೂಫ್ 1995–96ರ ಋತುವಿನಲ್ಲಿ ತಮ್ಮ ಧಾರ್ಮಿಕ ನಿಷ್ಠೆಯ ಕಾರಣದಿಂದ ಗೀತೆಗೆ ಎದ್ದು ನಿಲ್ಲುತ್ತಿರಲಿಲ್ಲ. ತಿಂಗಳುಗಟ್ಟಲೆ ಅವರು ಒಳಕೋಣೆಯಲ್ಲಿಯೋ ಓಣಿಯಲ್ಲಿಯೋ ಇರುತ್ತಿದ್ದರು. ಯಾರ ಗಮನಕ್ಕೂ ಅದು ಬಂದಿರಲಿಲ್ಲ. ಸುದ್ದಿ ಹೊರಬಿದ್ದ ಕೂಡಲೇ, 1996ರ ಮಾರ್ಚ್ 12ರಂದು, ಲೀಗು ಅವರನ್ನು ಅಮಾನತು ಮಾಡಿತು. ತಪ್ಪಿದ್ದು ಒಂದೇ ಪಂದ್ಯ. ಕಳೆದುಕೊಂಡ ವೇತನ 31,707 ಡಾಲರ್. ಬಳಿಕ, ಎದ್ದು ನಿಂತು ತಲೆಬಾಗಿ ತಮ್ಮ ಪ್ರಾರ್ಥನೆ ಸಲ್ಲಿಸಬಹುದೆಂದು ರಾಜಿಯಾಯಿತು. ಆಗಲೂ ಪ್ರೇಕ್ಷಕರು ಕೂಗಿ ಮೂದಲಿಸಿದರು. ಮೌನವಾಗಿ ಹೊರಗಿದ್ದಾಗ ಯಾರಿಗೂ ನೋವಾಗಿರಲಿಲ್ಲ. ಬಲವಂತದಿಂದ ಒಳಗೆ ತಂದು ನಿಲ್ಲಿಸಿದಾಗ ಗೀತೆಯೇ ಗದ್ದಲಕ್ಕೆ ಗುರಿಯಾಯಿತು.

ಎದುರು ಪಕ್ಷದವರ ವಾದಗಳನ್ನೂ ಅಲಕ್ಷಿಸಲಾಗದು. ಸಂಬಳ ಕೊಡುವ ಖಾಸಗಿ ಒಡೆಯನಿಗೆ ಶಿಸ್ತು ವಿಧಿಸುವ ಹಕ್ಕಿಲ್ಲವೇ ಎಂಬುದು ಮೊದಲನೆಯದು. ಸಮವಸ್ತ್ರ, ವೇಳೆ, ಅಭ್ಯಾಸ ಇವುಗಳಲ್ಲಿ ಅವನ ಹಕ್ಕು ನಿರ್ವಿವಾದ. ಅವು ಆಟಕ್ಕೆ ಸೇರಿದವು. ದೇಶದೊಡನೆ ಒಬ್ಬನಿಗಿರುವ ಸಂಬಂಧ ಆಟಕ್ಕೆ ಸೇರಿದ್ದಲ್ಲ. ಮೇಲಾಗಿ ಲೂಸಿಯಾನಾದ್ದು ಸರ್ಕಾರಿ ವಿಶ್ವವಿದ್ಯಾಲಯ. ಶಾಲೆಯ ಮಕ್ಕಳನ್ನು ಧ್ವಜವಂದನೆಗೆ ಬಲಾತ್ಕರಿಸುವ ಅಧಿಕಾರ ಸರ್ಕಾರಕ್ಕಿಲ್ಲವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ 1943ರಲ್ಲಿ, ಬಾರ್ನೆಟ್ ಮೊಕದ್ದಮೆಯಲ್ಲಿ, ತೀರ್ಪಿತ್ತಿದೆ. ಆ ಮಾತನ್ನು ಹೇಳಿದ್ದು ಘೋರ ಯುದ್ಧದ ನಡುವೆ ಎಂಬುದನ್ನು ಮರೆಯಬಾರದು.

ಪ್ರಾಣ ತೆತ್ತ ಯೋಧರಿಗೆ ಇದು ಅವಮಾನವಲ್ಲವೇ ಎಂಬುದು ಎರಡನೆಯ ವಾದ. ಈ ನೋವು ನಿಜವಾದುದು. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ತರ್ಕ ಹೂಡುವುದು ಸಲ್ಲದು. ಆದಕಾರಣವೇ ಗೀತೆ ನಡೆಯುವಾಗ ಗದ್ದಲ ಮಾಡುವುದು, ಹಾಡುವವರಿಗೆ ಅಡ್ಡಿಪಡಿಸುವುದು ಖಂಡನೀಯ. ಆದರೆ ಸದ್ದಿಲ್ಲದೆ ಒಳಗಿರುವವನು ಯಾರ ಭಕ್ತಿಗೂ ಅಡ್ಡಿಯಾಗುವುದಿಲ್ಲ. ಮಂಡಿಯೂರುವ ಪ್ರತಿಭಟನೆಯನ್ನು ತಡೆಯಲು ಹೊರಟ ಫುಟ್‌ಬಾಲ್ ತಂಡಗಳ ಒಡೆಯರೇ 2018ರ ಮೇ ತಿಂಗಳಲ್ಲಿ ರೂಪಿಸಿದ ನಿಯಮದಲ್ಲಿ, ಇಷ್ಟವಿಲ್ಲದವರು ಒಳಕೋಣೆಯಲ್ಲಿ ಉಳಿಯಬಹುದೆಂದು ಒಪ್ಪಿದ್ದರು. ಆ ನಿಯಮ ಜುಲೈನಲ್ಲಿಯೇ ಸ್ಥಗಿತಗೊಂಡಿತು. ಆದರೆ ಗೈರುಹಾಜರಿ ಅವಮಾನವಲ್ಲವೆಂದು ಅವರೂ ಕಂಡುಕೊಂಡಿದ್ದರೆಂಬುದು ಸ್ಪಷ್ಟ.

ಭಾರತಕ್ಕೂ ಈ ಪಾಠ ಹೊಸದಲ್ಲ. ಕೇರಳದ ಶಾಲೆಯೊಂದರಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ, ಮತನಿಷ್ಠೆಯ ಕಾರಣದಿಂದ ಹಾಡದಿದ್ದ ಮೂವರು ಮಕ್ಕಳನ್ನು 1985ರಲ್ಲಿ ಹೊರಹಾಕಲಾಯಿತು. 1986ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಆ ಮಕ್ಕಳು ನಿಂತಿದ್ದರು, ಆದ್ದರಿಂದ ಗೈರುಹಾಜರಿಯ ಪ್ರಶ್ನೆ ಅಲ್ಲಿ ಉದ್ಭವಿಸಲಿಲ್ಲ ಎಂಬುದು ದಿಟ. ಆದರೆ ತುಟಿಯನ್ನು ಬಲಾತ್ಕರಿಸಲಾಗದೆಂಬ ತತ್ತ್ವ ಅಲ್ಲಿ ಸ್ಥಿರವಾಯಿತು. 2016ರ ನವೆಂಬರ್ 30ರಂದು ಅದೇ ನ್ಯಾಯಾಲಯ ಚಿತ್ರಮಂದಿರಗಳಲ್ಲಿ ರಾಷ್ಟ್ರಗೀತೆಯನ್ನು ಕಡ್ಡಾಯಗೊಳಿಸಿದಾಗ ಆದುದೇನು? ಡಿಸೆಂಬರಿನಲ್ಲಿ ತಿರುವನಂತಪುರದ ಚಲನಚಿತ್ರೋತ್ಸವದಲ್ಲಿ, ಎದ್ದು ನಿಲ್ಲದ ಪ್ರೇಕ್ಷಕರನ್ನು ಪೊಲೀಸರು ಹಿಡಿದೊಯ್ದರು. ಗೀತೆಯತ್ತ ಇರಬೇಕಾದ ಗಮನ ಪಕ್ಕದ ಕುರ್ಚಿಯತ್ತ ಹೊರಳಿತು. 2018ರ ಜನವರಿ 9ರಂದು ನ್ಯಾಯಾಲಯವೇ ತನ್ನ ಆದೇಶವನ್ನು ತಿದ್ದಿ, ಗೀತೆ ನುಡಿಸುವುದನ್ನು ಐಚ್ಛಿಕಗೊಳಿಸಿತು.

ಆದುದರಿಂದ ಕ್ರೀಡೆಯನ್ನು ನಡೆಸುವವರು ಮಾಡಬೇಕಾದುದು ಸುಲಭ. ಗೀತೆ ಮೊಳಗಲಿ, ಬರುವವರಿಗೆ ಬಾಗಿಲು ತೆರೆದಿರಲಿ, ಬಂದವರು ಮರ್ಯಾದೆಯಿಂದ ನಿಲ್ಲಲಿ, ಬಾರದವರು ಮರ್ಯಾದೆಯಿಂದಲೇ ದೂರವಿರಲಿ. ಆದರೆ ಬಂದವರಾರು, ಬಾರದವರಾರು ಎಂದು ಹೆಸರು ಬರೆದುಕೊಳ್ಳುವ ಕೆಲಸ ಬೇಡ. ದೇಶವನ್ನು ಪ್ರೀತಿಸತಕ್ಕವರನ್ನು ಬೆಳೆಸಬೇಕಾದುದು ಮನೆಯಲ್ಲಿ, ಶಾಲೆಯಲ್ಲಿ, ನ್ಯಾಯವಾದ ಆಡಳಿತದಲ್ಲಿ. ಅಲ್ಲಿ ಆಗದ ಕೆಲಸವನ್ನು ಪಂದ್ಯಕ್ಕೆ ಮುಂಚಿನ ಎರಡು ನಿಮಿಷಗಳಲ್ಲಿ, ಅದೂ ಅನ್ನವನ್ನು ಕಸಿಯುವ ಬೆದರಿಕೆಯಿಂದ, ಮಾಡಿ ಮುಗಿಸುವೆವೆನ್ನುವುದು ಭ್ರಮೆಯೇ ಸರಿ.