ಅರ್ಪಿತವಾಗದ ಮಾತು



ಅಂಗದ ಮೇಲೆ ಲಿಂಗವನ್ನು ಧರಿಸಿದವನು ಲಿಂಗಕ್ಕೆ ಅರ್ಪಿಸದೆ ಒಂದು ತುತ್ತನ್ನೂ ಬಾಯಿಗೆ ಇಡಕೂಡದು. ಇದು ನಮ್ಮ ಹಿರಿಯರು ಹಾಕಿಕೊಟ್ಟ ಕಟ್ಟಳೆ. ಇದನ್ನು ಇಂದಿಗೂ ನಿಷ್ಠೆಯಿಂದ ನಡೆಸುವ ವೃದ್ಧರನ್ನು ಹಳ್ಳಿಗಳಲ್ಲಿ ಕಾಣುತ್ತೇವೆ. ಬಾಯಿಯೊಳಗೆ ಹೋಗುವುದಕ್ಕೆ ಇಷ್ಟು ಕಾವಲು ಇಟ್ಟವರು, ಅದೇ ಬಾಯಿಂದ ಹೊರಗೆ ಬರುವುದಕ್ಕೆ ಏನು ಕಾವಲು ಇಟ್ಟಿದ್ದೇವೆ?

ಷಟ್‌ಸ್ಥಲ ಶಾಸ್ತ್ರವು ಒಂದೊಂದು ಇಂದ್ರಿಯದಲ್ಲಿ ಒಂದೊಂದು ಲಿಂಗವನ್ನು ಹೇಳುತ್ತದೆ. ನಾಲಿಗೆಯಲ್ಲಿ ಗುರುಲಿಂಗ, ಕಿವಿಯಲ್ಲಿ ಪ್ರಸಾದಲಿಂಗ. ಇದನ್ನು ಸ್ವಲ್ಪ ನಿಧಾನವಾಗಿ ವಿಚಾರಿಸಬೇಕು. ನಾವು ಆಡಿದ ಮಾತು ಗುರುಲಿಂಗದ ನೆಲೆಯಿಂದ ಹೊರಟು ಇನ್ನೊಬ್ಬರಲ್ಲಿರುವ ಪ್ರಸಾದಲಿಂಗವನ್ನು ಮುಟ್ಟುತ್ತದೆ. ಕೇಳುವವನ ಕಿವಿ ಕಸ ಸುರಿಯುವ ತಿಪ್ಪೆಯಲ್ಲ, ಪ್ರಸಾದ ಸ್ವೀಕರಿಸುವ ಸ್ಥಾನ. ಮಾತು ಸತ್ಯವಾಗಿದ್ದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಜೋಳ ಎಷ್ಟೇ ಒಳ್ಳೆಯದಿದ್ದರೂ ಬೇಯದ ರೊಟ್ಟಿಯನ್ನು ಯಾರೂ ಎಡೆಗೆ ಇಡುವುದಿಲ್ಲ.

ವಾಕ್ಸಂಯಮವೆಂದರೆ ಮೌನವೆಂದೂ ತಿಳಿಯಬಾರದು. ಶ್ರಾವಣದಲ್ಲಿ ಮೌನಾನುಷ್ಠಾನ ಮಾಡುವುದು ಮಠಗಳಲ್ಲಿ ಇದ್ದದ್ದೇ. ನಮ್ಮ ಅನುಭವದಲ್ಲಿ ಮೌನದ ದಿನಗಳು ಕಠಿಣವಲ್ಲ; ಮೌನ ಮುಗಿದ ಮರುದಿನವೇ ಕಠಿಣ.

ನಮ್ಮಿಂದಲೇ ಆದ ಒಂದು ತಪ್ಪನ್ನು ಇಲ್ಲಿ ಹೇಳಬೇಕಾಗಿದೆ. ಬಹಳ ವರ್ಷಗಳ ಹಿಂದಿನ ಮಾತು. ಜಾತ್ರೆಯ ದಾಸೋಹಕ್ಕೆ ಪ್ರತಿವರ್ಷ ಜೋಳ ತರುತ್ತಿದ್ದ ಒಬ್ಬ ವೃದ್ಧ ಭಕ್ತರು ಆ ವರ್ಷ ತೇರು ಎಳೆದ ಮರುದಿನ ಅರ್ಧ ಚೀಲ ಹೊತ್ತು ತಂದರು. ನಮಗೆ ಅಂದು ಆಯಾಸವಿತ್ತು, ಲೆಕ್ಕದ ತಲೆನೋವೂ ಇತ್ತು. ‘ಜಾತ್ರೆ ಮುಗಿದ ಮೇಲೆ ಇದ್ಯಾಕೆ?’ ಎಂದು ಹತ್ತು ಜನರ ಎದುರಿಗೆ ಅಂದುಬಿಟ್ಟೆವು. ಅವರು ನಮಸ್ಕರಿಸಿ, ಚೀಲವನ್ನು ಉಗ್ರಾಣದಲ್ಲಿಟ್ಟು ಹೋದರು. ಆ ವರ್ಷ ಅವರ ಹೊಲದಲ್ಲಿ ಬೆಳೆಯೇ ಬಂದಿರಲಿಲ್ಲ, ಆ ಜೋಳವನ್ನು ಕಡ ತಂದಿದ್ದರು ಎಂಬುದು ನಮಗೆ ತಿಂಗಳ ಮೇಲೆ ತಿಳಿಯಿತು.

ನಾವೇ ಅವರ ಮನೆಗೆ ಹೋಗಿ ತಪ್ಪಾಯಿತೆಂದೆವು. ‘ಅಜ್ಜಾರ, ನೀವು ಹಂಗೆಲ್ಲಾ ಅನಬಾರ್ದ್ರಿ’ ಎಂದು ಪಾದಪೂಜೆ ಮಾಡಿದರು. ಮುಂದೆಯೂ ಜೋಳ ತಂದರು, ಜಾತ್ರೆಗೆ ಎಂಟು ದಿನ ಮುಂಚಿತವಾಗಿಯೇ. ಆದರೆ ಮೊದಲು ನಮ್ಮ ಬಳಿ ಕುಳಿತು ಮಳೆ, ಬೆಳೆ, ಎತ್ತು, ಮೊಮ್ಮಕ್ಕಳ ಸುದ್ದಿ ಹೇಳುತ್ತಿದ್ದವರು, ಆಮೇಲೆ ಕೇಳಿದ್ದಕ್ಕೆ ‘ಹೌದ್ರಿ ಅಜ್ಜಾರ’ ಎನ್ನುವುದರಾಚೆಗೆ ಮಾತನಾಡಲಿಲ್ಲ.

ಹಿರಿಯರಾದವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಸಮಾನರೊಡನೆ ಆಡಿದ ಬಿರುನುಡಿಗೆ ಅಲ್ಲಿಯೇ ಉತ್ತರ ಬರುತ್ತದೆ, ಲೆಕ್ಕ ತೀರುತ್ತದೆ. ಮಠದಲ್ಲಿ ಸ್ವಾಮಿಗಳಿಗೆ, ಮನೆಯಲ್ಲಿ ಮಾವನಿಗೆ, ಹೊಲದಲ್ಲಿ ಒಡೆಯನಿಗೆ ತಿರುಗಿ ಹೇಳುವವರಿಲ್ಲ. ಆ ಮಾತು ಕೇಳಿದವರ ಒಳಗೇ ಉಳಿಯುತ್ತದೆ. ಸೊಸೆಯ ತಪ್ಪನ್ನು ಬೀಗರ ಎದುರಿಗೆ, ಆಳಿನ ತಪ್ಪನ್ನು ಕಣದಲ್ಲಿ ಎಲ್ಲರ ಎದುರಿಗೆ ಎತ್ತಿ ಆಡುವ ಯಜಮಾನರು ಎಷ್ಟು ಹೊತ್ತು ಲಿಂಗಪೂಜೆ ಮಾಡಿದರೇನು? ತಿದ್ದಬೇಕಾದುದನ್ನು ತಿದ್ದಲೇಬೇಕು, ಅವರೊಬ್ಬರೇ ಇದ್ದಾಗ, ಕಾರಣ ಕೇಳಿದ ಮೇಲೆ.

ಆ ವೃದ್ಧರು ಲಿಂಗೈಕ್ಯರಾಗಿ ಬಹಳ ಕಾಲವಾಯಿತು. ಈಗ ಅವರ ಮೊಮ್ಮಗ ಜೋಳ ತರುತ್ತಾನೆ, ಕೆಲವು ಸಲ ತಡವಾಗಿಯೂ ತರುತ್ತಾನೆ. ಕೂಡ್ರಿಸಿ, ಮೊದಲು ಹೊಲದ ಸುದ್ದಿ ಕೇಳುತ್ತೇವೆ.