ತೋಟ ಬರೆದುಕೊಡುವ ಮುನ್ನ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನ ತೋಟವೇ ವಯಸ್ಸಾದವರ ಪಿಂಚಣಿ. ಅಟ್ಟದ ಮೇಲಿನ ಕೊಬ್ಬರಿ ಮಾರಿದರೆ ಯಾರ ಮುಂದೂ ಕೈಚಾಚಬೇಕಿಲ್ಲ. ‘ಹೇಗಿದ್ರೂ ಮಗನಿಗೇ ತಾನೇ’ ಅಂತ ದಾನಪತ್ರ ಮಾಡಿಕೊಟ್ಟ ಮೇಲೆ ಬಿಪಿ ಮಾತ್ರೆಗೂ ಅವನನ್ನೇ ಕೇಳಬೇಕು. ಮಕ್ಕಳೆಲ್ಲ ಕೆಟ್ಟವರೇನಲ್ಲ, ಬೆಂಗಳೂರಿನ ಮನೆ ಬಾಡಿಗೆ, ಸ್ಕೂಲ್ ಫೀಸು ಅವರಿಗೂ ಭಾರವೇ.

ಆದ್ದರಿಂದ ಅಮ್ಮಂದಿರೇ, ಆದಷ್ಟು ದಿನ ತೋಟ ನಿಮ್ಮ ಹೆಸರಿನಲ್ಲೇ ಇರಲಿ. ಬರೆಯಲೇಬೇಕಾದರೆ ‘ಕೊನೆವರೆಗೂ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಸೇರಿಸಿ. ಮಾತು ತಪ್ಪಿದರೆ, 60 ದಾಟಿದವರು 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಪತ್ರ ರದ್ದು ಮಾಡುವಂತೆ ಕೇಳಬಹುದು. ಈ ಮೂರೂ ತಾಲ್ಲೂಕಿಗೆ ಆ ಕಚೇರಿ ತಿಪಟೂರಿನಲ್ಲೇ ಇದೆ.

ಇದು ಮಗನ ಮೇಲಿನ ಅಪನಂಬಿಕೆ ಅಲ್ಲ. ಬೇಲಿ ಮೊದಲೇ ಹಾಕಬೇಕು, ದನ ನುಗ್ಗಿದ ಮೇಲಲ್ಲ.